ಬಾಯಿಮಾತು, ಬರೆದ ಕಾಗದ ಮತ್ತು ಬಾಗಿಲಿಗೆ ಬಂದ ನ್ಯಾಟೊ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಬೆಳಗಿನ ವಾಕಿಂಗ್ ಮುಗಿಸಿ ಚಹಾ ಕುಡಿಯುವಾಗ ನಮ್ಮ ಗುಂಪಿನಲ್ಲಿ ದಿನಾ ಇದೇ ಜಗಳ. ನನ್ನ ವಾದ ಇಷ್ಟು: ಕೊಟ್ಟ ಮಾತು ಮುರಿದು ಅಮೆರಿಕ ಮುಂದಾಳತ್ವದ ಸೇನಾ ಕೂಟ ನ್ಯಾಟೊ ಮನೆ ಬಾಗಿಲಿಗೆ ಬಂದು ನಿಂತರೆ, ಉಕ್ರೇನಿನ ಮೇಲೆ ದಾಳಿ ಮಾಡದೆ ರಷ್ಯಾ ಇನ್ನೇನು ಮಾಡಬೇಕಿತ್ತು? ಮೆಕ್ಸಿಕೊದಲ್ಲಿ ರಷ್ಯಾ ಕ್ಷಿಪಣಿ ಇಟ್ಟರೆ ಅಮೆರಿಕ ಸುಮ್ಮನಿರುತ್ತಿತ್ತೇ? 1971ರಲ್ಲಿ ನಮ್ಮ ಬೆನ್ನಿಗೆ ನಿಂತವರನ್ನು ನಾವು ಮರೆಯಬೇಕೇ? ಪೋಲೆಂಡ್ ಮೇಲೆ ಡ್ರೋನ್ ಬಂತು, ಎಸ್ಟೋನಿಯಾದ ಮೇಲೆ ಯುದ್ಧವಿಮಾನ ಹಾರಿತು ಎಂದೆಲ್ಲ ಓದಿದಾಗ ಮೂರನೇ ಮಹಾಯುದ್ಧವೇ ಆಗುತ್ತದೇನೋ ಅನಿಸುತ್ತದೆ. ಗೆಳೆಯರ ಮುಂದೆ ಸೋಲದ ಹಾಗೆ ಒಂದು ಉತ್ತರ ಕೊಡಿ.
— ಧಾರವಾಡದ ಓದುಗರೊಬ್ಬರು

ಉತ್ತರ: ಸರ್, ಮೊದಲೇ ಹೇಳಿಬಿಡುತ್ತೇನೆ. ಈ ಉತ್ತರ ಹಿಡಿದುಕೊಂಡು ಹೋದರೆ ನೀವು ಅರ್ಧ ಗೆಲ್ಲುತ್ತೀರಿ, ಅರ್ಧ ಸೋಲುತ್ತೀರಿ. ಗೆಲ್ಲುವ ಅರ್ಧದಿಂದಲೇ ಶುರು ಮಾಡೋಣ.

ಮಾತು ತಪ್ಪಿದರು ಎಂಬ ರಷ್ಯಾದ ದೂರು ಪೂರ್ತಿ ಕಟ್ಟುಕಥೆಯಲ್ಲ. 1990ರ ಫೆಬ್ರವರಿ 9ರಂದು ಅಮೆರಿಕದ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಮಾಸ್ಕೊದಲ್ಲಿ ಸೋವಿಯತ್ ನಾಯಕ ಗೊರ್ಬಚೆವ್ ಎದುರು ಕೂತು, ಎರಡು ಜರ್ಮನಿಗಳು ಒಂದಾಗಲು ಬಿಟ್ಟರೆ ನ್ಯಾಟೊ ವ್ಯಾಪ್ತಿ ಒಂದಿಂಚೂ ಪೂರ್ವಕ್ಕೆ ಸರಿಯುವುದಿಲ್ಲ ಎಂಬರ್ಥದ ಮಾತಾಡಿದ್ದು ನಿಜ. ಆದರೆ ಅದೇ ವರ್ಷ ಸೆಪ್ಟೆಂಬರ್ 12ರಂದು ಸಹಿಯಾದ ಒಪ್ಪಂದದಲ್ಲಿ ಬಂದದ್ದು ಪೂರ್ವ ಜರ್ಮನಿಯ ನೆಲದ ವಿಚಾರ ಮಾತ್ರ: ಅಲ್ಲಿ ವಿದೇಶಿ ಪಡೆಗಳನ್ನೂ ಅಣ್ವಸ್ತ್ರಗಳನ್ನೂ ಇಡುವಂತಿಲ್ಲ. ಪೋಲೆಂಡ್, ಹಂಗೆರಿಗಳ ಬಗ್ಗೆ ಒಂದಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಆ ದೇಶಗಳಿದ್ದ ಸೋವಿಯತ್ ಮುಂದಾಳತ್ವದ ಸೇನಾ ಕೂಟ, ಅಂದರೆ ವಾರ್ಸಾ ಒಪ್ಪಂದದ ಕೂಟ, ಆಗಿನ್ನೂ ಉಸಿರಾಡುತ್ತಿತ್ತು, ಸೋವಿಯತ್ ಒಕ್ಕೂಟ ಇತ್ತು. ನೀವು ಬ್ಯಾಂಕಿನಲ್ಲಿದ್ದವರು, ಬರೀ ಬಾಯಿಮಾತು ನಂಬಿ ಸಾಲ ಮಂಜೂರು ಮಾಡಿದ ಮ್ಯಾನೇಜರನಿಗೆ ಆಡಿಟ್‌ನವರು ಏನು ಕೇಳುತ್ತಾರೆಂದು ನಿಮಗೇ ಗೊತ್ತು. ಗೊರ್ಬಚೆವ್ 2014ರಲ್ಲಿ ಎರಡೂ ಮಾತು ಹೇಳಿದರು: ನ್ಯಾಟೊ ವಿಸ್ತರಣೆಯ ವಿಷಯ ಆಗ ಚರ್ಚೆಗೇ ಬಂದಿರಲಿಲ್ಲ; ಆದರೂ ಆಮೇಲೆ ನಡೆದದ್ದು 1990ರ ಭಾವನೆಗೆ ಮಾಡಿದ ದ್ರೋಹ. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಚಹಾದಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಧ ಓದುತ್ತಾರೆ.

ಕಾಗದ ಇರಲಿಲ್ಲ ಎಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಸೋವಿಯತ್ ಒಕ್ಕೂಟವನ್ನು ಕಟ್ಟಿಹಾಕುವ ನೀತಿಯನ್ನು ರೂಪಿಸಿದ ಜಾರ್ಜ್ ಕೆನನ್ ಅವರೇ 1997ರಲ್ಲಿ, ಶೀತಲ ಸಮರದ ನಂತರ ಅಮೆರಿಕ ಮಾಡುವ ಅತಿದೊಡ್ಡ ತಪ್ಪು ಈ ವಿಸ್ತರಣೆ ಎಂದು ಬರೆದಿದ್ದರು. 1999ರ ಮಾರ್ಚ್ 12ರಂದು ಪೋಲೆಂಡ್, ಹಂಗೆರಿ, ಜೆಕ್ ಗಣರಾಜ್ಯಗಳು ನ್ಯಾಟೊ ಸೇರಿದವು. ಹನ್ನೆರಡೇ ದಿನ. ಮಾರ್ಚ್ 24ರಂದು ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಯುಗೊಸ್ಲಾವಿಯಾದ ಮೇಲೆ ನ್ಯಾಟೊ ಬಾಂಬು ಬೀಳತೊಡಗಿತು, 78 ದಿನ ಬಿತ್ತು. ವಾಷಿಂಗ್ಟನ್‌ಗೆ ಹೊರಟಿದ್ದ ರಷ್ಯಾದ ಪ್ರಧಾನಿ ಪ್ರಿಮಕೋವ್ ಅಟ್ಲಾಂಟಿಕ್ ಸಾಗರದ ಮೇಲಿಂದಲೇ ವಿಮಾನ ತಿರುಗಿಸಿ ಮನೆಗೆ ಮರಳಿದರು. ರಕ್ಷಣೆಗಷ್ಟೇ ಇರುವ ಕೂಟ ಎಂದು ಕೇಳುತ್ತಾ ಬಂದಿದ್ದ ರಷ್ಯನ್ನರ ಕಣ್ಣಿಗೆ ಆ ವಸಂತ ಹೇಗೆ ಕಂಡಿರಬೇಕು? ಆಮೇಲೆ 2002ರಲ್ಲಿ, ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ ಕ್ಷಿಪಣಿ ನಿರೋಧಕ ಒಪ್ಪಂದದಿಂದ ಅಮೆರಿಕ ಹೊರನಡೆಯಿತು. 2003ರಲ್ಲಿ ಇಲ್ಲದ ಶಸ್ತ್ರ ಹುಡುಕಿಕೊಂಡು ಇರಾಕ್‌ಗೆ ನುಗ್ಗಿತು. 2011ರಲ್ಲಿ ಲಿಬಿಯಾದ ನಾಗರಿಕರನ್ನು ಕಾಪಾಡುವ ನಿರ್ಣಯಕ್ಕೆ ರಷ್ಯಾ ಅಡ್ಡಿ ಮಾಡದೆ ತಟಸ್ಥವಾಗಿ ಉಳಿದರೆ, ಆ ನಿರ್ಣಯ ಹಿಡಿದು ನ್ಯಾಟೊದವರು ಅಲ್ಲಿನ ಗಡಾಫಿ ಆಡಳಿತವನ್ನೇ ಕೆಡವಿದರು. ಇಲ್ಲಿಯವರೆಗೆ ನೀವು ಗೆದ್ದಿರಿ.

ಈಗ ಬಾಗಿಲಿನ ಮಾತು.

ನ್ಯಾಟೊ ಬಾಗಿಲಿಗೆ ಬಂತು ಎಂದು ನಾವು ಹೇಳುವಾಗ ನಡುವಿನ ಜನ ಮಾಯವಾಗಿಬಿಡುತ್ತಾರೆ. ಪೋಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಯಾರೋ ಗೆದ್ದುಕೊಂಡ ಸೈಟುಗಳಲ್ಲ. 1939ರ ಆಗಸ್ಟ್‌ನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಗುಟ್ಟಾಗಿ ಹಂಚಿಕೊಂಡ ನಾಡುಗಳು ಅವು. ಬಾಲ್ಟಿಕ್ ದೇಶಗಳು 1940ರಲ್ಲಿ ಸೋವಿಯತ್ ಒಕ್ಕೂಟದೊಳಗೆ ಕರಗಿದವು, ಸಾವಿರಾರು ಕುಟುಂಬಗಳನ್ನು ರೈಲು ಹತ್ತಿಸಿ ಸೈಬೀರಿಯಾಕ್ಕೆ ಕಳಿಸಲಾಯಿತು. 1956ರಲ್ಲಿ ಬುಡಾಪೆಸ್ಟ್ ಬೀದಿಗೆ, 1968ರಲ್ಲಿ ಪ್ರಾಗ್ ಬೀದಿಗೆ ಟ್ಯಾಂಕುಗಳು ಬಂದದ್ದು ಎಲ್ಲಿಂದ? ಆ ದೇಶಗಳು ಬಿಡುಗಡೆಯಾದ ಕೂಡಲೇ ನ್ಯಾಟೊ ಬಾಗಿಲು ಬಡಿದವು. ತಟ್ಟಿದವರು ಅವರು, ತೆರೆಯಲೋ ಬೇಡವೋ ಎಂದು ವರ್ಷಗಟ್ಟಲೆ ಮೀನಮೇಷ ಎಣಿಸಿದ್ದು ವಾಷಿಂಗ್ಟನ್.

ಇನ್ನು ದೂರದ ಲೆಕ್ಕ. ನ್ಯಾಟೊ ರಷ್ಯಾದ ಗಡಿಯಲ್ಲಿ ಇದ್ದದ್ದು 1949ರಿಂದ, ಅಂದರೆ ಹುಟ್ಟಿದ ದಿನದಿಂದ. ಸ್ಥಾಪಕ ಸದಸ್ಯ ನಾರ್ವೆಗೆ ರಷ್ಯಾದ ಜೊತೆ ಗಡಿಯಿದೆ. 2004ರಲ್ಲಿ ಎಸ್ಟೋನಿಯಾ ಸೇರಿತು. ಅದರ ಗಡಿ ಊರು ನಾರ್ವಾದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋದಷ್ಟು ದಾರಿ. ಯುದ್ಧವಾಗಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಫಿನ್ಲೆಂಡ್. 2023ರ ಏಪ್ರಿಲ್ 4ರಂದು ಅದು ಸೇರಿದಾಗ ರಷ್ಯಾ ಮತ್ತು ನ್ಯಾಟೊ ನಡುವೆ ಒಂದೇ ದಿನದಲ್ಲಿ ಸುಮಾರು 1,340 ಕಿ.ಮೀ. ಹೊಸ ಗಡಿ ಬಂತು. ಅದಕ್ಕೆ ಪುಟಿನ್ ಏನೆಂದಿದ್ದರು? 2022ರ ಮೇ ತಿಂಗಳಲ್ಲೇ, ಫಿನ್ಲೆಂಡ್, ಸ್ವೀಡನ್ ಸೇರುವುದರಿಂದ ರಷ್ಯಾಕ್ಕೆ ನೇರ ಬೆದರಿಕೆಯಿಲ್ಲ, ಅಲ್ಲಿ ಸೇನಾ ನೆಲೆಗಳು ಬಂದರೆ ಮಾತ್ರ ಪ್ರತಿಕ್ರಿಯೆ ಎಂದಿದ್ದರು. ಬಾಗಿಲಿಗೆ ಬಂದದ್ದೇ ಕಾರಣವಾಗಿದ್ದರೆ, ಅತಿ ಉದ್ದದ ಬಾಗಿಲು ತೆರೆದ ಈ ಹೊತ್ತಿನಲ್ಲಿ ಮಾಸ್ಕೊ ಇಷ್ಟು ತಣ್ಣಗೆ ಇರಬಾರದಿತ್ತು. ನನಗೆ ಈ ಒಂದು ಸಂಗತಿಯೇ ಸಾಕು. ತರಗತಿಯಲ್ಲಿ ವಿದ್ಯಾರ್ಥಿಗಳು ನಿಮ್ಮದೇ ಪ್ರಶ್ನೆ ಕೇಳಿದಾಗಲೂ ನಾನು ನಕ್ಷೆ ಬಿಡಿಸಿ ಫಿನ್ಲೆಂಡಿನ ಗಡಿಯ ಮೇಲೆ ಬೆರಳಿಡುತ್ತಿದ್ದೆ.

ಹಾಗಾದರೆ ಉಕ್ರೇನ್ ವಿಷಯದಲ್ಲಿ ಮಾತ್ರ ಏಕೆ ಬೆಂಕಿ? ಉತ್ತರವನ್ನು ಪುಟಿನ್ ಮುಚ್ಚಿಟ್ಟಿಲ್ಲ. 2021ರ ಜುಲೈನಲ್ಲಿ ಅವರು ಬರೆದ ದೀರ್ಘ ಲೇಖನದ ಸಾರ, ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂಬುದು. ದಾಳಿಗೆ ಮೂರು ದಿನ ಮುಂಚಿನ ಭಾಷಣದಲ್ಲಿ ಉಕ್ರೇನನ್ನು ಸೃಷ್ಟಿಸಿದ್ದೇ ಬೊಲ್ಶೆವಿಕ್ ರಷ್ಯಾ, ಲೆನಿನ್ ಎಂದರು. ಕೂಟವೊಂದರ ವಿರುದ್ಧದ ದೂರು ಹೀಗಿರುವುದಿಲ್ಲ. ಇದು ಪಾಲಾಗಿ ಹೋದ ತಮ್ಮನ ಹೊಲ ಈಗಲೂ ನನ್ನದೇ ಎನ್ನುವ ಅಣ್ಣನ ಮಾತು. ತಮ್ಮನ ಅಭಿಪ್ರಾಯವನ್ನು 1991ರ ಡಿಸೆಂಬರ್ 1ರಂದೇ ಕೇಳಲಾಗಿತ್ತು. ಉಕ್ರೇನಿನ ಮತದಾರರಲ್ಲಿ 90%ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಹೂಂ ಅಂದರು. ಕ್ರಿಮಿಯಾದಲ್ಲೂ ಬಹುಮತ ಸಿಕ್ಕಿತ್ತು, ಚಿಕ್ಕ ಅಂತರದ್ದೇ ಇರಲಿ.

ಇಲ್ಲಿ ಮತ್ತೆ ಕಾಗದದ ಮಾತು ಬರುತ್ತದೆ, ಈ ಸಲ ಸಹಿ ಇರುವ ಕಾಗದ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಜಗತ್ತಿನ ಮೂರನೇ ಅತಿದೊಡ್ಡ ಅಣ್ವಸ್ತ್ರ ರಾಶಿ ಉಳಿದುಕೊಂಡಿತ್ತು (ಕೀಲಿಕೈ ಮಾತ್ರ ಮಾಸ್ಕೊದಲ್ಲಿತ್ತು, ಅದನ್ನೂ ಹೇಳಬೇಕು). 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಸಹಿ ಹಾಕಿದವು: ಅಣ್ವಸ್ತ್ರ ಬಿಟ್ಟುಕೊಡು, ನಿನ್ನ ಗಡಿಯನ್ನು ಗೌರವಿಸುತ್ತೇವೆ. ಉಕ್ರೇನ್ ಸಿಡಿತಲೆಗಳನ್ನು ರೈಲಿನಲ್ಲಿ ತುಂಬಿಸಿ ರಷ್ಯಾಕ್ಕೇ ಕಳಿಸಿತು, 1996ರ ಹೊತ್ತಿಗೆ ಒಂದೂ ಉಳಿಯಲಿಲ್ಲ. 1997ರಲ್ಲಿ ರಷ್ಯಾ ಮತ್ತು ಉಕ್ರೇನ್ ಸ್ನೇಹ ಒಪ್ಪಂದ ಮಾಡಿಕೊಂಡು ಅದೇ ಗಡಿಗಳನ್ನು ಇನ್ನೊಮ್ಮೆ ಒಪ್ಪಿದವು. 2014ರ ಮಾರ್ಚ್‌ನಲ್ಲಿ ಕ್ರಿಮಿಯಾ ಹೋಯಿತು. 2022ರ ಫೆಬ್ರವರಿ 24ರಂದು ಟ್ಯಾಂಕುಗಳು ಕೀವ್ ಕಡೆಗೆ ಹೊರಟವು. ಬರೆದಿರದ ಮಾತು ಮುರಿದರೆಂದು ಮೂವತ್ತು ವರ್ಷ ದೂರಿದವರು ತಾವೇ ಸಹಿ ಹಾಕಿದ ಎರಡು ಕಾಗದಗಳನ್ನು ಹರಿದರು. ನೀವು ಸೋಲುವ ಅರ್ಧ ಇದು, ಸರ್.

ಹಾಗೆಂದು ಪಶ್ಚಿಮಕ್ಕೆ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಅವರ ತಪ್ಪು ಬೇರೆ ಜಾತಿಯದು. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನ ನ್ಯಾಟೊ ಶೃಂಗಸಭೆಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅವರಿಗೆ ಉಕ್ರೇನ್ ಮತ್ತು ಜಾರ್ಜಿಯಾವನ್ನು ಒಳಗೆ ಕರೆಯುವ ಆತುರ, ಜರ್ಮನಿಯ ಮರ್ಕೆಲ್ ಮತ್ತು ಫ್ರಾನ್ಸಿನ ಸಾರ್ಕೊಜಿ ಅವರಿಗೆ ಬೇಡ. ಕೊನೆಗೆ ಹೊರಬಿದ್ದ ಹೇಳಿಕೆ: ಇವೆರಡೂ ಮುಂದೊಂದು ದಿನ ಸದಸ್ಯರಾಗುತ್ತವೆ. ಯಾವ ದಿನ, ಯಾವ ದಾರಿಯಲ್ಲಿ, ಅಲ್ಲಿಯವರೆಗೆ ಕಾಯುವವರು ಯಾರು, ಯಾವುದೂ ಇಲ್ಲ. ನಮ್ಮ ಕಡೆ ಇದಕ್ಕೆ ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ. ತುಪ್ಪದ ವಾಸನೆ ಉಕ್ರೇನಿಗೆ ಎಷ್ಟು ಬಡಿಯಿತೋ ಮಾಸ್ಕೊಗೂ ಅಷ್ಟೇ ಬಡಿಯಿತು. ಅದೇ ಆಗಸ್ಟ್‌ನಲ್ಲಿ ರಷ್ಯಾ ಐದು ದಿನದ ಯುದ್ಧದಲ್ಲಿ ಜಾರ್ಜಿಯಾವನ್ನು ಬಗ್ಗಿಸಿತು. ಬಾಗಿಲು ಹಾಕುವುದಾದರೆ ಹಾಕಬೇಕಿತ್ತು, ತೆರೆಯುವುದಾದರೆ ತೆರೆಯಬೇಕಿತ್ತು. ಅರ್ಧ ತೆರೆದಿಟ್ಟು, ಹೊಸ್ತಿಲ ಮೇಲೆ ನಿಂತವನನ್ನು ಎರಡೂ ಕಡೆಯ ಗಾಳಿಗೆ ಒಡ್ಡಿದರು.

ಜೊತೆಗೆ ದುರಾಸೆ. ಕ್ರಿಮಿಯಾ ಕಳೆದ ಮರುವರ್ಷ, 2015ರಲ್ಲಿ, ಜರ್ಮನಿಗೆ ನೇರವಾಗಿ ಅನಿಲ ತರುವ ನಾರ್ಡ್ ಸ್ಟ್ರೀಮ್-2 ಕೊಳವೆಯ ಒಪ್ಪಂದಕ್ಕೆ ಯುರೋಪಿನ ಕಂಪನಿಗಳು ಕೈಜೋಡಿಸಿದವು. ಒಂದು ಕೈಯಲ್ಲಿ ನಿರ್ಬಂಧದ ಪಟ್ಟಿ, ಇನ್ನೊಂದು ಕೈಯಲ್ಲಿ ಅನಿಲದ ಬಿಲ್ಲು. ಗಡಿ ದಾಟಿದರೆ ತಗಲುವ ಖರ್ಚು ಎಷ್ಟೆಂದು ಪುಟಿನ್ ಲೆಕ್ಕ ಹಾಕಿದ್ದು ಅದನ್ನು ನೋಡಿಯೇ ಎಂದು ನನ್ನ ನಂಬಿಕೆ.

ಮೆಕ್ಸಿಕೊ ಪ್ರಶ್ನೆಗೆ ಬರುತ್ತೇನೆ. ಅಮೆರಿಕ ಖಂಡಿತ ಸುಮ್ಮನಿರುತ್ತಿರಲಿಲ್ಲ. 1961ರಲ್ಲಿ ಕ್ಯೂಬಾಕ್ಕೆ ತಾನೇ ತರಬೇತಿ ಕೊಟ್ಟ ಕ್ಯೂಬಾದ ದೇಶಭ್ರಷ್ಟರನ್ನು ನುಗ್ಗಿಸಿತು, ಮರುವರ್ಷ ಸೋವಿಯತ್ ಕ್ಷಿಪಣಿಗಳು ಬಂದಾಗ ಸಮುದ್ರದಲ್ಲೇ ದ್ವೀಪವನ್ನು ಸುತ್ತುಗಟ್ಟಿತು. ಆದರೆ ಕ್ಯೂಬಾದಲ್ಲಿ ಕ್ಷಿಪಣಿಗಳು ನಿಜವಾಗಿಯೂ ಇದ್ದವು. ಉಕ್ರೇನಿನಲ್ಲಿ ನ್ಯಾಟೊ ಕ್ಷಿಪಣಿ ಒಂದೂ ಇರಲಿಲ್ಲ. ಕ್ಯೂಬಾ ಬಿಕ್ಕಟ್ಟು ಮುಗಿದದ್ದು ಕೊಡುಕೊಳ್ಳುವಿಕೆಯಲ್ಲಿ. ಸೋವಿಯತ್ ಕ್ಷಿಪಣಿಗಳು ಹೊರಟವು. ಕ್ಯೂಬಾದ ಮೇಲೆ ದಂಡೆತ್ತಿ ಹೋಗುವುದಿಲ್ಲ ಎಂದು ಕೆನಡಿ ಮಾತು ಕೊಟ್ಟರು, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆಸಿದರು. ಅಂಥದೇ ವ್ಯಾಪಾರ 2022ರ ಜನವರಿಯಲ್ಲಿ ಮೇಜಿನ ಮೇಲಿತ್ತು. ಉಕ್ರೇನಿನಲ್ಲಿ ನೆಲದಿಂದ ಹಾರಿಸುವ ಆಕ್ರಮಣಕಾರಿ ಕ್ಷಿಪಣಿ ಇಡದಿರುವ ಪರಸ್ಪರ ವಾಗ್ದಾನ, ರೊಮೇನಿಯಾ ಮತ್ತು ಪೋಲೆಂಡಿನ ಕ್ಷಿಪಣಿ ನಿರೋಧಕ ನೆಲೆಗಳನ್ನು ರಷ್ಯಾ ಬಂದು ಪರಿಶೀಲಿಸುವ ಏರ್ಪಾಡು, ಇವುಗಳ ಬಗ್ಗೆ ಮಾತಾಡಲು ಸಿದ್ಧ ಎಂದು ಅಮೆರಿಕ ಲಿಖಿತ ಉತ್ತರ ಕೊಟ್ಟಿತ್ತು. ಕ್ಷಿಪಣಿಯ ಚಿಂತೆಯೇ ಮುಖ್ಯವಾಗಿದ್ದರೆ ಅಲ್ಲಿ ಮಾತು ಮುಂದುವರಿಯಬೇಕಿತ್ತು. ಒಂದು ತಿಂಗಳೊಳಗೆ ದಾಳಿ ನಡೆಯಿತು.

ಇನ್ನು 1971. ಇದನ್ನು ಬರೆಯುವಾಗ ನನಗೂ ಮನಸ್ಸು ಮೆತ್ತಗಾಗುತ್ತದೆ. ಆ ಆಗಸ್ಟ್ 9ರ ಭಾರತ-ಸೋವಿಯತ್ ಸ್ನೇಹ ಒಪ್ಪಂದ, ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ನಮ್ಮ ಪರವಾಗಿ ಒಂದರ ಹಿಂದೊಂದು ಬಿದ್ದ ಸೋವಿಯತ್ ವಿಟೊ, ಅದಕ್ಕೂ ಮುಂಚೆ ಗೋವಾ, ಕಾಶ್ಮೀರಗಳ ವಿಚಾರದಲ್ಲಿ ಸಿಕ್ಕ ಬೆಂಬಲ, ಇವನ್ನು ಮರೆಯುವುದು ಕೃತಘ್ನತೆ. ಆದರೆ ನಾವು ಆ ಉಪ್ಪಿನ ಋಣದಲ್ಲಿರುವುದು ಸೋವಿಯತ್ ಒಕ್ಕೂಟಕ್ಕೆ. ಆ ಮನೆ 15 ಪಾಲಾಗಿದೆ. ಆಗ ಕ್ರೆಮ್ಲಿನ್‌ನಲ್ಲಿ ಕೂತಿದ್ದ ಬ್ರೆಜ್ನೆವ್ ಹುಟ್ಟಿದ ಊರು ಇವತ್ತಿನ ಉಕ್ರೇನಿನಲ್ಲಿದೆ. ಲಡಾಖ್‌ಗೆ ನಮ್ಮ ಸೈನಿಕರಿಗೆ ದಿನಸಿ ಹೊತ್ತೊಯ್ಯುವ ಎಎನ್-32 ವಿಮಾನಗಳು ಕೀವ್‌ನಲ್ಲಿ ತಯಾರಾದವು. ನಮ್ಮ ನೌಕಾಪಡೆಯ ಹಲವು ಯುದ್ಧನೌಕೆಗಳ ಟರ್ಬೈನುಗಳು ಬಂದದ್ದು ಉಕ್ರೇನಿನದೇ ಊರಾದ ಮಿಕೊಲಾಯಿವ್‌ನಿಂದ. 2024ರ ಡಿಸೆಂಬರ್‌ನಲ್ಲಿ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್ಎಸ್ ತುಶಿಲ್ ಅನ್ನೇ ನೋಡಿ: ಹಡಗು ಕಟ್ಟಿದ್ದು ರಷ್ಯಾ, ಎಂಜಿನ್ ಉಕ್ರೇನಿನದು. ಎರಡು ದೇಶಗಳೂ ಪರಸ್ಪರ ಮಾರುವುದನ್ನು ನಿಲ್ಲಿಸಿದ್ದರಿಂದ ಭಾರತವೇ ಉಕ್ರೇನಿನಿಂದ ಕೊಂಡು ರಷ್ಯಾದ ಹಡಗುಕಟ್ಟೆಗೆ ತಲುಪಿಸಿತು. ಋಣ ಎನ್ನುವಾಗ ಈ ಹಡಗನ್ನು ನೆನಪಿಸಿಕೊಳ್ಳಿ.

ಹಾಗಿದ್ದರೆ ಭಾರತ ರಷ್ಯಾದ ತೈಲ ಕೊಳ್ಳುವುದು ತಪ್ಪೇ? ನನ್ನ ಲೆಕ್ಕದಲ್ಲಿ ತಪ್ಪಲ್ಲ. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು 2%ರ ಆಸುಪಾಸು ಇತ್ತು, ಆಮೇಲೆ ಮೂರನೇ ಒಂದು ಭಾಗವನ್ನೂ ದಾಟಿತು. ಅಗ್ಗಕ್ಕೆ ಸಿಕ್ಕಿತು, ಕೊಂಡೆವು. ಯುರೋಪ್ ತಾನೇ ರಷ್ಯಾದ ದ್ರವೀಕೃತ ಅನಿಲ ಕೊಳ್ಳುತ್ತಾ ನಮಗೆ ನೀತಿಪಾಠ ಹೇಳಿದ್ದು, 2025ರ ಆಗಸ್ಟ್‌ನಲ್ಲಿ ಅಮೆರಿಕ ಚೀನಾವನ್ನು ಬಿಟ್ಟು ನಮ್ಮ ಮೇಲಷ್ಟೇ ತೈಲದ ನೆಪದಲ್ಲಿ 25% ಹೆಚ್ಚುವರಿ ಸುಂಕ ಹೇರಿದ್ದು, ಎರಡೂ ಆಷಾಢಭೂತಿತನ. ನನ್ನ ತಕರಾರು ಬೇರೆ: ವ್ಯಾಪಾರವನ್ನು ವ್ಯಾಪಾರ ಎನ್ನೋಣ, ಅದಕ್ಕೆ ಧರ್ಮಯುದ್ಧದ ಬಣ್ಣ ಬಳಿಯುವುದು ಬೇಡ. ಈ ಯುದ್ಧ ನಮಗೂ ದೂರದ್ದಾಗಿರಲಿಲ್ಲ. 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ ವೈದ್ಯಕೀಯ ವಿದ್ಯಾರ್ಥಿ ನಮ್ಮ ಕರ್ನಾಟಕದವನು. ಏಜೆಂಟರ ಮಾತು ನಂಬಿ ಕೆಲಸಕ್ಕೆಂದು ಹೋಗಿ ರಷ್ಯಾದ ಸೇನೆಯ ಕೈಗೆ ಸಿಕ್ಕಿಬಿದ್ದವರಲ್ಲಿ ಕಲಬುರಗಿ ಜಿಲ್ಲೆಯ ಹುಡುಗರೂ ಇದ್ದರು. ಆ ವರ್ಷ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ. ನಾವು ಹೊರಗಿನಿಂದ ತರಿಸುವ ಆ ಎಣ್ಣೆಯಲ್ಲಿ ಸಿಂಹಪಾಲು ಉಕ್ರೇನಿನದಾಗಿತ್ತು.

ಕೊನೆಯದು, ಮಹಾಯುದ್ಧದ ಭಯ. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ರಷ್ಯಾದ ಸುಮಾರು 20 ಡ್ರೋನುಗಳು ಪೋಲೆಂಡಿನೊಳಗೆ ಬಂದವು. ಹತ್ತು ದಿನ ಕಳೆದು ಮೂರು ಮಿಗ್-31 ವಿಮಾನಗಳು ಎಸ್ಟೋನಿಯಾದ ಆಕಾಶದಲ್ಲಿ 12 ನಿಮಿಷ ಸುತ್ತಿದವು. ಪೋಲೆಂಡ್, ಎಸ್ಟೋನಿಯಾ ಎರಡೂ ನ್ಯಾಟೊದ 4ನೇ ವಿಧಿ ಹಿಡಿದವು. ಅದು ಕೂತು ಮಾತಾಡೋಣ ಎನ್ನುವ ವಿಧಿ. ಒಬ್ಬನ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ ಎನ್ನುವುದು 5ನೇ ವಿಧಿ. ಅದರಲ್ಲೂ ಪ್ರತಿ ದೇಶ ತನಗೆ ಅಗತ್ಯ ಕಂಡ ಕ್ರಮ ಕೈಗೊಳ್ಳಬೇಕು ಎಂದಿದೆಯೇ ಹೊರತು ಮರುಕ್ಷಣ ಯುದ್ಧ ಸಾರಬೇಕೆಂದಿಲ್ಲ. ಟಿವಿ ಚಾನೆಲ್‌ಗಳು ಈ ವ್ಯತ್ಯಾಸ ಹೇಳುವುದಿಲ್ಲ, ಹೇಳಿದರೆ ಯಾರು ನೋಡುತ್ತಾರೆ? ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 2015ರ ನವೆಂಬರ್ 24ರಂದು ನ್ಯಾಟೊ ಸದಸ್ಯ ಟರ್ಕಿ ರಷ್ಯಾದ ಸುಖೋಯ್-24 ವಿಮಾನವನ್ನು ಸಿರಿಯಾ ಗಡಿಯಲ್ಲಿ ಹೊಡೆದೇ ಉರುಳಿಸಿತು. ಪ್ರಳಯವಾಗಲಿಲ್ಲ. ರಷ್ಯಾ ಟರ್ಕಿಯ ಟೊಮೆಟೊ ಕೊಳ್ಳುವುದನ್ನು ನಿಲ್ಲಿಸಿತು, ಪ್ರವಾಸಿಗರನ್ನು ತಡೆಯಿತು. ಎರಡು ವರ್ಷ ಕಳೆಯುವ ಹೊತ್ತಿಗೆ ಅದೇ ಟರ್ಕಿಗೆ ಎಸ್-400 ವಾಯುರಕ್ಷಣಾ ವ್ಯವಸ್ಥೆ ಮಾರಿತು. ಗೆರೆ ಗಟ್ಟಿಯಾಗಿ ಕಂಡಲ್ಲಿ ಮಾಸ್ಕೊ ನಿಲ್ಲುತ್ತದೆ. ಮಸುಕಾಗಿ ಕಂಡಲ್ಲಿ ಕಾಲಿಟ್ಟು ನೋಡುತ್ತದೆ. ಡ್ರೋನುಗಳು ಅಂಥ ಕಾಲು.

ನನಗೆ ನಿದ್ದೆಗೆಡಿಸುವುದು ಇನ್ನೊಂದು ಸಂಗತಿ, ಅದು ಮುಖಪುಟಕ್ಕೆ ಬರುವುದಿಲ್ಲ. ಕ್ಯೂಬಾದ ಭಯ ಕಳೆದ ಮೇಲೆ ಎರಡೂ ಕಡೆಯವರು 1963ರಲ್ಲಿ ನೇರ ಸಂಪರ್ಕ ವ್ಯವಸ್ಥೆ ಮಾಡಿಕೊಂಡರು, 1972ರಿಂದ ಒಂದೊಂದಾಗಿ ಮಿತಿಗಳನ್ನು ಬರೆದುಕೊಂಡರು. ಆ ಕಾಗದಗಳೆಲ್ಲ ಒಂದೊಂದಾಗಿ ಉದುರಿದವು: 2002ರಲ್ಲಿ ಕ್ಷಿಪಣಿ ನಿರೋಧಕ ಒಪ್ಪಂದ, 2019ರಲ್ಲಿ ಮಧ್ಯಮ ದೂರದ ಕ್ಷಿಪಣಿಗಳ ಒಪ್ಪಂದ. ತಲಾ 1,550 ಸಿಡಿತಲೆಗಳ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್‌ನ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. 1983ರ ಸೆಪ್ಟೆಂಬರ್‌ನ ಒಂದು ರಾತ್ರಿ ಸೋವಿಯತ್ ಕಂಪ್ಯೂಟರ್ ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸುಳ್ಳು ಎಚ್ಚರಿಕೆ ಕೊಟ್ಟಾಗ, ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಅದನ್ನು ನಂಬದೆ ಕೂತದ್ದರಿಂದ ನಾವೆಲ್ಲ ಉಳಿದೆವು. ತಪಾಸಣೆ ಇಲ್ಲದ, ಪರಸ್ಪರ ಲೆಕ್ಕ ಒಪ್ಪಿಸದ ಕಾಲದಲ್ಲಿ ಅಂಥ ರಾತ್ರಿಗಳು ಹೆಚ್ಚುತ್ತವೆ. ಯಾರೂ ಬಯಸದೆಯೂ ಅನಾಹುತ ಆಗುವುದಾದರೆ ಆಗುವುದು ಹೀಗೆ.

ಉಕ್ರೇನ್ ಯುದ್ಧ ಒಂದಲ್ಲ ಒಂದು ದಿನ ಕದನವಿರಾಮಕ್ಕೆ ಬರುತ್ತದೆ. ಆ ದಿನ ಪತ್ರಿಕೆಗಳು ನಕ್ಷೆ ಹಾಕಿ ಗೆರೆ ಎಲ್ಲಿ ಎಳೆದರೆಂದು ತೋರಿಸುತ್ತವೆ, ನಿಮ್ಮ ಗುಂಪಿನಲ್ಲಿ ಯಾರು ಗೆದ್ದರೆಂದು ವಾದ ಎದ್ದೇಳುತ್ತದೆ. ನೀವು ಮಾತ್ರ ಹಳೇ ಬ್ಯಾಂಕಿನವರ ಹಾಗೆ ಕನ್ನಡಕ ಏರಿಸಿಕೊಂಡು ಒಪ್ಪಂದದಲ್ಲಿ ಜಾಮೀನುದಾರರ ಸಾಲು ಹುಡುಕಿ: ಗೆರೆ ದಾಟಿದರೆ ಯಾರು, ಎಷ್ಟು ದಿನದೊಳಗೆ, ಏನು ಮಾಡುತ್ತಾರೆ? ಬುಡಾಪೆಸ್ಟ್‌ನ ಕಾಗದದಲ್ಲಿ ಎಲ್ಲ ಇತ್ತು, ಆ ಒಂದು ಸಾಲು ಇರಲಿಲ್ಲ.